ಮುಯ್ಯಾಳಿನ ಲೆಕ್ಕವೂ ವಿಮಾನದ ಮೈಲಿಯೂ

ನಮ್ಮ ವಾಚನಾಲಯದ ಪುಸ್ತಕಕ್ಕೆ ಚರಿತ್ರೆಯ ಲೇಖನ ಒಂದು ಬರೆದುಕೊಡಿ ಅಂತ ಮೇಷ್ಟ್ರು ಕೇಳಿದಾಗ ನಾನು ನಕ್ಕುಬಿಟ್ಟೆ. ನಾನು ಓದಿದ್ದು ಏಳನೇ ಕ್ಲಾಸು. ರಾಗಿ ಬಿತ್ತೋದು, ರಾತ್ರಿ ಭಜನೆಮನೆಯಲ್ಲಿ ಪದ ಹಾಡೋದು, ಇವೆರಡೇ ನನಗೆ ಗೊತ್ತು. "ಆನೆ ವಿಚಾರ ಬರೆಯಲಾ ಮೇಷ್ಟ್ರೇ?" ಅಂದೆ. "ಬೇಡಣ್ಣ, ಸಾನಮಾವಿನವರು ಪೆನ್ನು ಹಿಡಿದರೆ ಆನೆ ಬಿಟ್ಟು ಬೇರೇನೂ ಬರೆಯಲ್ಲ" ಅಂದರು. "ಹಂಗಾದರೆ ವಿಮಾನದ ಪಾಯಿಂಟಿನ ಚರಿತ್ರೆ ಬರೀತೀನಿ" ಅಂದೆ. ಈಗ ನಗೋ ಸರದಿ ಅವರದಾಯ್ತು. ಆದರೂ ಬರೆದಿದ್ದೀನಿ. ಇಸವಿಗಳನ್ನು ಮಗನೂ ಮೇಷ್ಟ್ರೂ ನೋಡಿ ತಿದ್ದಿಕೊಟ್ಟಿದ್ದಾರೆ. ಲೆಕ್ಕ ಅವರದು, ಮಾತು ನನ್ನದು.

ವಿಮಾನ ನಮಗೆ ದೂರದ ವಸ್ತುವಲ್ಲ. ಬೆಳಗೊಂಡಪಲ್ಲಿಯಲ್ಲಿ ತನೇಜಾ ಕಂಪನಿಯವರ ವಿಮಾನದ ಕಾರ್ಖಾನೆಯೂ ಓಡುದಾರಿಯೂ 1990ರ ದಶಕದಿಂದ ಇವೆ. ಹೊಸೂರಿನ ಸುತ್ತ ಪಾಲಿಹೌಸಿನಲ್ಲಿ ಬೆಳೆಯೋ ಗುಲಾಬಿ ಫೆಬ್ರವರಿ ತಿಂಗಳಲ್ಲಿ ವಿಮಾನ ಹತ್ತಿ ಪರದೇಶಕ್ಕೆ ಹೋಗುತ್ತೆ. ಹೂವು ನಮಗಿಂತ ಮುಂಚೆ ಹಾರಿತು ನೋಡಿ. 2024ರ ಜೂನಿನಲ್ಲಿ ತಮಿಳುನಾಡು ಮುಖ್ಯಮಂತ್ರಿಗಳು ವಿಧಾನಸಭೆಯಲ್ಲಿ, ಹೊಸೂರಿನಲ್ಲಿ 2000 ಎಕರೆಯಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಮಾಡ್ತೀವಿ, ವರ್ಷಕ್ಕೆ 3 ಕೋಟಿ ಜನ ಹತ್ತಿ ಇಳಿಯಬಹುದು ಅಂತ ಹೇಳಿದರು. ಅವತ್ತಿಂದ ಟೀ ಅಂಗಡಿಯಲ್ಲಿ ಇದೇ ಮಾತು. ಕೆಲವರಿಗೆ ಭೂಮಿಯ ಚಿಂತೆ, ಕೆಲವರಿಗೆ ರೇಟಿನ ಆಸೆ. ಹುಡುಗರು ಮಾತ್ರ "ಪಾಯಿಂಟಿನಲ್ಲಿ ಪುಕ್ಕಟೆ ಹೋಗ್ಬಹುದು" ಅಂತಾರೆ. ಈ ಪುಕ್ಕಟೆ ಅನ್ನೋ ಮಾತಿನ ಬೆನ್ನು ಹತ್ತಿ ಹೋದದ್ದೇ ಈ ಲೇಖನ.

ಪಾಯಿಂಟು ಅಂದರೇನು ಅಂತ ಮೊದಲು ಹೇಳ್ತೀನಿ. ಒಂದೇ ಕಂಪನಿಯ ವಿಮಾನದಲ್ಲಿ ಮತ್ತೆ ಮತ್ತೆ ಹೋದರೆ, ಹೋದ ದೂರಕ್ಕೋ ಕೊಟ್ಟ ದುಡ್ಡಿಗೋ ಸರಿಯಾಗಿ ಅವರು ನಿಮ್ಮ ಹೆಸರಿನಲ್ಲಿ ಒಂದು ಅಂಕಿ ಬರೆದಿಡ್ತಾರೆ. ಇದಕ್ಕೆ ಮೈಲಿ ಅಂತಲೂ ಪಾಯಿಂಟು ಅಂತಲೂ ಹೆಸರು. ಅಂಕಿ ಸಾಕಷ್ಟು ಬೆಳೆದ ಮೇಲೆ ಅದನ್ನು ಕೊಟ್ಟು ಟಿಕೆಟ್ ತಗೋಬಹುದು. ಮಗ ಇಷ್ಟು ವಿವರಿಸಿದಾಗ ನಾನು ಹೇಳಿದೆ, "ಇದು ನಮ್ಮ ಮುಯ್ಯಾಳಲ್ಲವೇನೋ?"

ಈಗಿನ ಹುಡುಗರಿಗೆ ಮುಯ್ಯಾಳು ಗೊತ್ತಿರಲಿಕ್ಕಿಲ್ಲ. ನಮ್ಮ ಹೊಲದ ಕಳೆಗೆ ನಿಮ್ಮ ಮನೆಯಿಂದ ಇಬ್ಬರು ಬಂದರೆ, ನಿಮ್ಮ ಹೊಲದ ಕೊಯ್ಲಿಗೆ ನಮ್ಮ ಮನೆಯಿಂದ ಇಬ್ಬರು ಬರಬೇಕು. ದುಡ್ಡಿನ ಮಾತಿಲ್ಲ. ಮದುವೆಯಲ್ಲಿ ಮುಯ್ಯಿ ಓದಿಸೋದೂ ಇದೇ ಲೆಕ್ಕ. ನಮ್ಮ ಪಕ್ಕದ ತಮಿಳರು ಮೊಯ್ ಅಂತಾರೆ. ಇವತ್ತು ನೀವು ಓದಿಸಿದ್ದನ್ನು ಪುಸ್ತಕದಲ್ಲಿ ಬರೆದಿಟ್ಟು, ನಿಮ್ಮ ಮನೆಯ ಶುಭಕಾರ್ಯಕ್ಕೆ ನಾವು ಒಂದಿಷ್ಟು ಸೇರಿಸಿ ಓದಿಸಬೇಕು. ಅಪ್ಪ ತಗೊಂಡ ಮುಯ್ಯಿಯನ್ನು ಮಗ ತೀರಿಸ್ತಾನೆ. ಲೆಕ್ಕ ಎರಡೂ ಮನೆಯಲ್ಲಿರುತ್ತೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತೆ.

ವ್ಯಾಪಾರದವರು ಇಂಥ ಲೆಕ್ಕ ಶುರು ಮಾಡಿದ್ದು ವಿಮಾನಕ್ಕಿಂತ ಮುಂಚೆ. ಅಮೆರಿಕದಲ್ಲಿ 1896ರಲ್ಲಿ ಸ್ಪೆರಿ ಅಂಡ್ ಹಚಿನ್ಸನ್ ಅನ್ನೋ ಕಂಪನಿ ಅಂಗಡಿಗಳಿಗೆ ಹಸಿರು ಸ್ಟಾಂಪು ಮಾರಲು ಶುರು ಮಾಡಿತು. ಸಾಮಾನು ತಗೊಂಡವರಿಗೆ ಅಂಗಡಿಯವನು ಸ್ಟಾಂಪು ಕೊಡ್ತಿದ್ದ. ಹೆಂಗಸರು ಅದನ್ನು ಪುಸ್ತಕಕ್ಕೆ ಅಂಟಿಸಿ, ಪುಸ್ತಕ ತುಂಬಿದ ಮೇಲೆ ಪಾತ್ರೆಯೋ ದೀಪವೋ ತಗೋತಿದ್ದರು. ನಮ್ಮ ಕಡೆ ಟೀಪುಡಿ ಪೊಟ್ಟಣದ ಚೀಟಿ ಕೂಡಿಟ್ಟು ಸ್ಟೀಲ್ ಲೋಟ ತಂದವರು ಈಗಲೂ ಇದ್ದಾರೆ. ಸ್ಟಾಂಪಿನ ಗುಟ್ಟು ಇಷ್ಟೇ: ಗಿರಾಕಿ ಎದುರಂಗಡಿಗೆ ಹೋಗಬಾರದು.

ವಿಮಾನದವರಿಗೆ ಈ ಬುದ್ಧಿ ತಡವಾಗಿ ಬಂತು, ಅದಕ್ಕೂ ಕಾರಣ ಇದೆ. ಅಮೆರಿಕದಲ್ಲಿ 1978ರವರೆಗೆ ದೇಶದೊಳಗಿನ ವಿಮಾನದ ಟಿಕೆಟ್ ದರವನ್ನು ಸರ್ಕಾರದ ಮಂಡಳಿಯೇ ಗೊತ್ತು ಮಾಡ್ತಿತ್ತು. ಎಲ್ಲರದೂ ಒಂದೇ ದರ ಆದರೆ ಪೈಪೋಟಿ ಎಲ್ಲಿಂದ ಬರಬೇಕು? 1978ರಲ್ಲಿ ಕಾನೂನು ಮಾಡಿ ಆ ಹಿಡಿತ ಬಿಟ್ಟರು. ಹೊಸ ಕಂಪನಿಗಳು ಬಂದವು, ದರ ಇಳಿಸಿದವು, ಹಳೇ ಕಂಪನಿಗಳಿಗೆ ನಡುಕ ಹುಟ್ಟಿತು. 1979ರಲ್ಲಿ ಟೆಕ್ಸಾಸ್ ಇಂಟರ್‌ನ್ಯಾಷನಲ್ ಅನ್ನೋ ಸಣ್ಣ ಕಂಪನಿ ಹಾರಿದ ಮೈಲಿ ಎಣಿಸಿ ಬಹುಮಾನ ಕೊಡೋಕೆ ಶುರು ಮಾಡಿತು. ದೊಡ್ಡದಾಗಿ ಬೆಳೆಸಿದ್ದು ಅಮೆರಿಕನ್ ಏರ್‌ಲೈನ್ಸ್. 1981ರ ಮೇ 1ರಂದು ಅದು "ಅಡ್ವಾಂಟೇಜ್" ಅನ್ನೋ ಯೋಜನೆ ತಂತು.

ಇಲ್ಲಿ ಒಂದು ಸ್ವಾರಸ್ಯ ಇದೆ. ಯಾರು ಪದೇ ಪದೇ ಹಾರ್ತಾರೆ ಅಂತ ಕಂಪನಿಗೆ ತಿಳಿದದ್ದು ಹೇಗೆ? ಅವರ ಹತ್ತಿರ ಟಿಕೆಟ್ ಕಾದಿರಿಸೋ ಸೇಬರ್ ಅನ್ನೋ ಕಂಪ್ಯೂಟರ್ ಇತ್ತು. ಅದರಲ್ಲಿ ಯಾವ ಫೋನ್ ನಂಬರ್ ಮತ್ತೆ ಮತ್ತೆ ಬರುತ್ತೆ ಅಂತ ಹುಡುಕಿದರು. ಆ ನಂಬರಿನವರನ್ನೇ ಮೊದಲು ಸದಸ್ಯರನ್ನಾಗಿ ಮಾಡಿಕೊಂಡರು. ನಮ್ಮೂರ ಅಂಗಡಿಯ ಶೆಟ್ಟರು ಮುಖ ನೋಡಿ ಗಿರಾಕಿಯನ್ನು ಗುರುತಿಡ್ತಿದ್ದರು, ಅವರು ಕಂಪ್ಯೂಟರ್ ನೋಡಿ ಗುರುತಿಟ್ಟರು. ಕೆಲವೇ ದಿನದಲ್ಲಿ ಯುನೈಟೆಡ್ ಕಂಪನಿಯೂ ತನ್ನದೊಂದು ಯೋಜನೆ ತಂತು. ಆಮೇಲೆ ಎಲ್ಲರೂ ಅದೇ ದಾರಿ ಹಿಡಿದರು.

ಕೊಡೋರಿಗೆ ಇದರಲ್ಲಿ ನಷ್ಟ ಇಲ್ಲವಾ ಅಂತ ನಾನು ಮಗನನ್ನು ಕೇಳಿದೆ. ಅವನು ಬಸ್ಸಿನ ಉದಾಹರಣೆ ಕೊಟ್ಟ. ರಾಯಕೋಟೆ ಬಸ್ಸಿನಲ್ಲಿ ಹತ್ತು ಸೀಟು ಖಾಲಿ ಹೋಗೋದಿದ್ದರೆ, ಅದರಲ್ಲಿ ಇಬ್ಬರನ್ನು ಸುಮ್ಮನೆ ಕೂರಿಸಿಕೊಂಡರೆ ಡೀಸೆಲ್ ಹೆಚ್ಚೇನೂ ಆಗಲ್ಲ. ವಿಮಾನದಲ್ಲೂ ಹಾಗೇ, ಖಾಲಿ ಹೋಗಬಹುದಾದ ಸೀಟನ್ನೇ ಪಾಯಿಂಟಿಗೆ ಬಿಡ್ತಾರೆ. ಅದಕ್ಕೇ ಹಬ್ಬದ ದಿನ, ರಜೆಯ ದಿನ ಪಾಯಿಂಟಿನ ಸೀಟು ಸಿಗೋದು ಕಷ್ಟ. ಸಿಕ್ಕರೂ ತೆರಿಗೆ, ನಿಲ್ದಾಣದ ಶುಲ್ಕ ಅಂತ ಕೈಯಿಂದ ಕಟ್ಟಬೇಕಾಗುತ್ತೆ. ಪುಕ್ಕಟೆ ಅನ್ನೋ ಮಾತಿಗೆ ಇಲ್ಲೇ ಮೊದಲನೇ ತೂತು ಬಿತ್ತು.

ಬರಬರುತ್ತಾ ಇನ್ನೊಂದು ಬದಲಾವಣೆ ಆಯ್ತು. ಕಂಪನಿಗಳು ಪಾಯಿಂಟನ್ನೇ ಮಾರೋಕೆ ನಿಂತವು. ಬ್ಯಾಂಕಿನವರು ವಿಮಾನ ಕಂಪನಿಗೆ ದುಡ್ಡು ಕೊಟ್ಟು ಪಾಯಿಂಟು ಕೊಂಡುಕೊಂಡು, ತಮ್ಮ ಕ್ರೆಡಿಟ್ ಕಾರ್ಡು ಉಜ್ಜಿದವರಿಗೆ ಹಂಚುತ್ತಾರೆ. ನೀವು ನೆಲದ ಮೇಲೆ ನಿಂತು ಅಕ್ಕಿ ಕೊಂಡರೂ ಆಕಾಶದ ಪಾಯಿಂಟು ಬರುತ್ತೆ. 2020ರಲ್ಲಿ ಕೊರೊನಾ ಬಂದು ವಿಮಾನಗಳೆಲ್ಲ ನಿಂತಾಗ ಯುನೈಟೆಡ್ ಕಂಪನಿ ಈ ಪಾಯಿಂಟಿನ ಯೋಜನೆಯನ್ನೇ ಅಡ ಇಟ್ಟು 500 ಕೋಟಿ ಡಾಲರಿಗೂ ಹೆಚ್ಚು ಸಾಲ ಎತ್ತಿತು. ನಾವು ಒಡವೆ ಅಡ ಇಡ್ತೀವಿ, ಅವರು ಮುಯ್ಯಿ ಪುಸ್ತಕವನ್ನೇ ಅಡ ಇಟ್ಟರು. ಆ ಪುಸ್ತಕಕ್ಕೆ ಅಷ್ಟು ಬೆಲೆ ಇದೆ.

ಈ ಚರಿತ್ರೆಯಲ್ಲಿ ನನಗೆ ಬಹಳ ಇಷ್ಟವಾದವನು ಡೇವಿಡ್ ಫಿಲಿಪ್ಸ್. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಎಂಜಿನಿಯರ್. 1999ರಲ್ಲಿ ತಿಂಡಿ ಮಾಡೋ ಒಂದು ಕಂಪನಿ, ನಮ್ಮ ಪೊಟ್ಟಣದ ಗುರುತು ಕತ್ತರಿಸಿ ಕಳಿಸಿದರೆ ವಿಮಾನದ ಮೈಲಿ ಕೊಡ್ತೀವಿ ಅಂತ ಸಾರಿತು. ಈತ ಲೆಕ್ಕ ಹಾಕಿದ. ಅವರ ಸರಕಿನಲ್ಲಿ ಬಹಳ ಅಗ್ಗದ್ದು ಪುಡಿಂಗು, ಅಂದರೆ ಗಟ್ಟಿ ಪಾಯಸದಂಥ ಸಿಹಿಯ ಸಣ್ಣ ಬಟ್ಟಲು. ಆ ಬಟ್ಟಲಿನ ಬೆಲೆಗಿಂತ ಬರೋ ಮೈಲಿಯ ಬೆಲೆಯೇ ಹೆಚ್ಚು. ಅಂಗಡಿ ಅಂಗಡಿ ಅಲೆದು 12,150 ಬಟ್ಟಲು ಕೊಂಡ. ಖರ್ಚು 3,140 ಡಾಲರ್. ಆದರೆ ಅಷ್ಟು ಗುರುತು ಕತ್ತರಿಸೋರು ಯಾರು? ದಾನ ಧರ್ಮ ಮಾಡೋ ಒಂದು ಸಂಸ್ಥೆಗೆ ಹೋಗಿ, ಸಿಹಿಯೆಲ್ಲ ನೀವು ಬಡವರಿಗೆ ಹಂಚಿ, ಗುರುತು ಮಾತ್ರ ಕಿತ್ತುಕೊಡಿ ಅಂದ. ಇದಲ್ಲವೇ ಮುಯ್ಯಾಳು! ಕೊನೆಗೆ ಅವನಿಗೆ ಹನ್ನೆರಡೂವರೆ ಲಕ್ಷ ಮೈಲಿ ಬಂತು. ಕಂಪನಿಯ ಮಾತನ್ನು ಕಂಪನಿಗಿಂತ ಚೆನ್ನಾಗಿ ಓದಿದವನು ಆತ. ಓದು ಬರಹದ ಬೆಲೆ ಮಕ್ಕಳಿಗೆ ಹೇಳೋದಕ್ಕೆ ಮೇಷ್ಟ್ರುಗಳು ಈ ಕತೆ ಹೇಳಬಹುದು.

ಎಲ್ಲರಿಗೂ ಹೀಗೆ ಸುಖಾಂತ್ಯ ಆಗಲಿಲ್ಲ. ಸರ್ಕಾರದ ಕೆಲಸಕ್ಕೆ ಹಾರಿದ ಪಾಯಿಂಟು ಯಾರದು ಅನ್ನೋ ಪ್ರಶ್ನೆ ಜರ್ಮನಿಯಲ್ಲಿ 2002ರಲ್ಲಿ ಎದ್ದಿತು. ಜನಪ್ರತಿನಿಧಿಗಳು ಕಚೇರಿ ಖರ್ಚಿನಲ್ಲಿ ಹಾರಿ, ಬಂದ ಮೈಲಿಯನ್ನು ಸ್ವಂತಕ್ಕೆ ಬಳಸಿದ್ದು ಪತ್ರಿಕೆಯಲ್ಲಿ ಬಂತು. ಬರ್ಲಿನ್ನಿನ ಮಂತ್ರಿಯಾಗಿದ್ದ ಗ್ರೆಗೋರ್ ಗೀಸಿ ಅದೇ ಕಾರಣಕ್ಕೆ ರಾಜೀನಾಮೆ ಕೊಟ್ಟರು. ನಮ್ಮ ಕೇಂದ್ರ ಸರ್ಕಾರದ ನಿಯಮವೂ ಹೇಳುತ್ತೆ, ನೌಕರರು ಸರ್ಕಾರಿ ಪ್ರಯಾಣದಲ್ಲಿ ಗಳಿಸಿದ ಪಾಯಿಂಟು ಇಲಾಖೆಯ ಪ್ರಯಾಣಕ್ಕೇ ಬಳಕೆಯಾಗಬೇಕು ಅಂತ. ದೇವಸ್ಥಾನದ ದುಡ್ಡಿನಲ್ಲಿ ಹಾಲು ತಂದು ಮನೆಯಲ್ಲಿ ಕಾಫಿ ಕುಡಿಯಬಾರದಲ್ಲ, ಹಾಗೆ.

ನಮ್ಮ ದೇಶಕ್ಕೆ ಬರೋಣ. 1932ರಲ್ಲಿ ಟಾಟಾದವರು ಕರಾಚಿಯಿಂದ ಬೊಂಬಾಯಿಗೆ ಟಪಾಲು ಹಾರಿಸಿ ಶುರು ಮಾಡಿದ ಕಂಪನಿಯೇ ಮುಂದೆ ಏರ್ ಇಂಡಿಯಾ ಆಯ್ತು. 1953ರಲ್ಲಿ ಸರ್ಕಾರ ವಿಮಾನ ಕಂಪನಿಗಳನ್ನೆಲ್ಲ ತನ್ನ ಕೈಗೆ ತಗೊಂಡಿತು. ಹೊರದೇಶಕ್ಕೆ ಏರ್ ಇಂಡಿಯಾ, ಒಳಗೆ ಇಂಡಿಯನ್ ಏರ್‌ಲೈನ್ಸ್. ಇದ್ದದ್ದು ಒಂದೇ ಅಂಗಡಿ, ಗಿರಾಕಿಯನ್ನು ಹಿಡಿದಿಟ್ಟುಕೊಳ್ಳೋ ಗೋಜು ಯಾಕೆ? 1990ರ ದಶಕದಲ್ಲಿ ಬಾಗಿಲು ತೆರೆಯಿತು. 1993ರಲ್ಲಿ ಜೆಟ್ ಏರ್‌ವೇಸ್ ಹಾರಿತು, 1994ರಲ್ಲಿ ಹಳೇ ಕಾನೂನು ರದ್ದಾಯ್ತು. ಪೈಪೋಟಿ ಬಂದ ಹಿಂದೆಯೇ ಪಾಯಿಂಟೂ ಬಂತು. ಏರ್ ಇಂಡಿಯಾದ್ದು ಫ್ಲೈಯಿಂಗ್ ರಿಟರ್ನ್ಸ್, ಜೆಟ್‌ನದು ಜೆಟ್ ಪ್ರಿವಿಲೇಜ್.

ಬೆಂಗಳೂರಿನಲ್ಲಿ ಈ ಕತೆಗೆ ಎರಡು ದಾರಿ ಹುಟ್ಟಿದವು. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಸೈನ್ಯ ಬಿಟ್ಟು ಬಂದು ವ್ಯವಸಾಯ ಮಾಡಿದವರು. ಅವರು 2003ರ ಆಗಸ್ಟಿನಲ್ಲಿ ಏರ್ ಡೆಕ್ಕನ್ ಹಾರಿಸಿದರು. ಅವರ ಲೆಕ್ಕ ನೇರ: ಬಹುಮಾನದ ಮಾತೇ ಬೇಡ, ಟಿಕೆಟ್ಟನ್ನೇ ಅಗ್ಗ ಮಾಡೋಣ. ಒಂದು ರೂಪಾಯಿ ಟಿಕೆಟ್ ಕೂಡ ಮಾರಿದರು. ಇನ್ನೊಂದು ದಾರಿ ವಿಜಯ್ ಮಲ್ಯರ ಕಿಂಗ್‌ಫಿಶರ್. 2005ರ ಮೇನಲ್ಲಿ ಶುರುವಾದ ಅದರಲ್ಲಿ ಉಪಚಾರ ಜೋರು, ಕಿಂಗ್ ಕ್ಲಬ್ ಅನ್ನೋ ಪಾಯಿಂಟಿನ ಯೋಜನೆಯೂ ಇತ್ತು. ಅಗ್ಗದ ಡೆಕ್ಕನ್ ಕಂಪನಿಯನ್ನು ದುಬಾರಿ ಕಿಂಗ್‌ಫಿಶರ್ ಕೊಂಡಿತು, 2008ರಲ್ಲಿ ಡೆಕ್ಕನ್ ಹೆಸರೂ ಹೋಯ್ತು. 2012ರ ಅಕ್ಟೋಬರಿನಲ್ಲಿ ಕಿಂಗ್‌ಫಿಶರ್ ಪೂರ್ತಿ ನಿಂತುಹೋಯ್ತು. ಕೆಲಸದವರಿಗೆ ತಿಂಗಳುಗಟ್ಟಲೆ ಸಂಬಳ ಬಾಕಿ. ಸಂಬಳಕ್ಕೇ ಗತಿ ಇಲ್ಲದಾಗ ಪಾಯಿಂಟನ್ನು ಕೇಳೋರು ಯಾರು? ಹಾರೋ ವಿಮಾನವೇ ಇಲ್ಲದ ಮೇಲೆ ಪುಸ್ತಕದ ಮೈಲಿ ಪುಸ್ತಕದಲ್ಲೇ ಉಳಿಯಿತು.

ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ನಿಂತಿತು. ಆದರೆ ಅಲ್ಲಿ ಬೇರೆ ಥರ ಆಯ್ತು. ಪಾಯಿಂಟಿನ ಲೆಕ್ಕವನ್ನು ಮೊದಲೇ ಬೇರೆ ಕಂಪನಿ ಮಾಡಿ, ಅದರ ಅರ್ಧಕ್ಕಿಂತ ಹೆಚ್ಚು ಪಾಲನ್ನು ಅಬುಧಾಬಿಯ ಎತಿಹಾದ್‌ನವರಿಗೆ ಕೊಟ್ಟಿದ್ದರು. ವಿಮಾನ ಮುಳುಗಿದರೂ ಪುಸ್ತಕ ತೇಲಿತು. ಅದೇ ವರ್ಷ ಇಂಟರ್‌ಮೈಲ್ಸ್ ಅಂತ ಹೆಸರು ಬದಲಾಯಿಸಿಕೊಂಡಿತು. ಜನ ಆ ಮೈಲಿಯಲ್ಲಿ ಹೋಟೆಲ್ಲು, ಸಾಮಾನು, ಬೇರೆ ಟಿಕೆಟ್ಟು ತಗೋಬಹುದಾಗಿತ್ತು. ಇನ್ನು 2024ರ ನವೆಂಬರ್ 12ರಂದು ವಿಸ್ತಾರ ಕಂಪನಿ ಏರ್ ಇಂಡಿಯಾದಲ್ಲಿ ಸೇರಿಹೋಯ್ತು. ಅವರ ಸದಸ್ಯರ ಪಾಯಿಂಟು ಏರ್ ಇಂಡಿಯಾ ಪುಸ್ತಕಕ್ಕೆ ಬಂತು. ಆ ಪುಸ್ತಕದ ಹೆಸರು ಈಗ ಮಹಾರಾಜ ಕ್ಲಬ್. ಒಂದೇ ಪಾಯಿಂಟು, ಮೂರು ಕಂಪನಿಗಳಲ್ಲಿ ಮೂರು ಹಣೆಬರಹ. ಅದನ್ನು ಗಳಿಸಿದವನ ಶ್ರಮದಲ್ಲಿ ವ್ಯತ್ಯಾಸ ಏನೂ ಇರಲಿಲ್ಲ. ಪುಸ್ತಕ ಯಾರ ಕೈಲಿತ್ತು ಅನ್ನೋದರಲ್ಲಿ ಮಾತ್ರ ವ್ಯತ್ಯಾಸ.

ಈಗ ನಮ್ಮ ಮನೆ ಮಾತು ಹೇಳ್ತೀನಿ. ಕಂಪನಿ ಹೆಸರು ಬೇಡ. ನನ್ನ ಮಗ ಕೆಲಸದ ಮೇಲೆ ದೆಹಲಿಗೆ ಓಡಾಡ್ತಿದ್ದ. ಅವನ ಆಫೀಸಿನವರು ಪಾಯಿಂಟು ನಿನಗೇ ಇರಲಿ ಅಂದಿದ್ದರು. "ಅಪ್ಪಾ, ಇಬ್ಬರಿಗೂ ಆಗೋಷ್ಟು ಸೇರೈತೆ, ಕಾಶಿಗೆ ಹೋಗಿಬರೋಣ" ಅಂದ. ನಮ್ಮ ಮನೆಯಾಕೆಗೆ ಕಾಶಿ ಅಂದರೆ ಮದುವೆಯಾದಾಗಿನ ಆಸೆ. ಮೊದಲನೇ ವರ್ಷ ಹೊರಡೋ ಹೊತ್ತಿಗೆ ರಾಗಿ ತೆನೆ ಬಲಿತಿತ್ತು, ಜವಳಗಿರಿ ಕಡೆಯಿಂದ ಆನೆ ಹಿಂಡು ಬಂದು ನಮ್ಮ ಕಾಡಿನಲ್ಲಿ ನಿಂತಿತ್ತು. ಅಟ್ಟಣೆ ಬಿಟ್ಟು ಹೋಗೋ ಹಾಗಿಲ್ಲ. ಎರಡನೇ ವರ್ಷ ಮಗಳ ಮದುವೆ. ಮೂರನೇ ವರ್ಷ ಮತ್ತೆ ಆನೆ. ನಾನೇ ಹೇಳ್ತಿದ್ದೆ, "ಪಾಯಿಂಟು ಎಲ್ಲಿ ಹೋಗುತ್ತೆ, ಹಗೇವಿನ ರಾಗಿ ಇದ್ದ ಹಾಗೆ ಇರುತ್ತೆ ಬಿಡು" ಅಂತ. ನಮ್ಮ ಹಿರಿಯರು ಹಗೇವು ಮುಚ್ಚಿಟ್ಟರೆ ವರ್ಷಗಟ್ಟಲೆ ರಾಗಿ ಕೆಡ್ತಿರಲಿಲ್ಲವಲ್ಲ, ಆ ಧೈರ್ಯ.

ಒಂದು ದಿನ ಮಗ ಫೋನ್ ಹಿಡಿದು ಸುಮ್ಮನೆ ಕೂತಿದ್ದ. ಹಳೇ ಪಾಯಿಂಟಿನ ಅವಧಿ ಮುಗಿದು ಅರ್ಧಕ್ಕರ್ಧ ಅಳಿಸಿಹೋಗಿತ್ತು. ಉಳಿದಿದ್ದಕ್ಕೂ ಬೆಲೆ ಕಡಿಮೆ ಆಗಿತ್ತು, ಅಂದರೆ ಅದೇ ಟಿಕೆಟ್ಟಿಗೆ ಈಗ ಹೆಚ್ಚು ಪಾಯಿಂಟು ಕೊಡಬೇಕು. ಮೋಸ ಅಂತ ಬಯ್ಯೋಣ ಅಂದರೆ, ಎಲ್ಲಾ ನಿಯಮದಲ್ಲೇ ಬರೆದಿತ್ತು. ನಾವು ಓದಿರಲಿಲ್ಲ, ಅಷ್ಟೆ. ಲೆಕ್ಕ ಹಾಕಿದರೆ ಒಂದೇ ಟಿಕೆಟ್ಟಿಗೆ ಸಾಕಾಗುತ್ತೆ. ತೆರಿಗೆ ಬೇರೆ ಕಟ್ಟಬೇಕು. "ಅಮ್ಮನನ್ನು ಕರ್ಕೊಂಡು ಹೋಗು" ಅಂದೆ. ಮಗ ತನ್ನ ಟಿಕೆಟ್ಟನ್ನು ದುಡ್ಡು ಕೊಟ್ಟು ತಗೊಂಡ. ಅವಳು ಹೊಸ ಸೀರೆ ಉಟ್ಟು, ರೊಟ್ಟಿ ಚಟ್ನಿಪುಡಿ ಕಟ್ಟಿಕೊಂಡು ದೇವನಹಳ್ಳಿಯಿಂದ ಹಾರಿದಳು. ನಾನು ಆ ಮೂರು ರಾತ್ರಿ ಅಟ್ಟಣೆಯ ಮೇಲಿದ್ದೆ. ಮೇಲೆ ಯಾವ ವಿಮಾನದ ದೀಪ ಮಿನುಗಿದರೂ ಅದರಲ್ಲಿ ಅವಳಿದ್ದಾಳೆ ಅನ್ನಿಸ್ತಿತ್ತು. ಎರಡನೇ ರಾತ್ರಿ ಆನೆ ಬಂದೇ ಬಂತು, ಮೂಲೆಯ ಹೊಲ ತುಳಿದೇ ಹೋಯ್ತು. ನಾನು ಕಾಶಿಗೂ ಹೋಗಲಿಲ್ಲ, ರಾಗಿಯನ್ನೂ ಪೂರ್ತಿ ಉಳಿಸಲಿಲ್ಲ.

ಅವಳು ಗಂಗಾಜಲ, ಕಾಶಿದಾರ ತಂದಳು. ವಿಮಾನ ಹತ್ತೋವಾಗ ಕೊಟ್ಟ ಚೀಟಿಯನ್ನು ದೇವರ ಫೋಟೋ ಹಿಂದೆ ಇಟ್ಟಿದ್ದಾಳೆ. ಈಗ ಅವಳಿಗೆ ಮಂಡಿನೋವು, ಇನ್ನೊಂದು ಸಲ ಹೋಗೋದು ಕಷ್ಟ. "ನೀನೂ ಬಂದಿದ್ರೆ ಚೆನ್ನಾಗಿತ್ತು" ಅಂತ ಆಗಾಗ ಅಂತಾಳೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಅಳಿಸಿಹೋದ ಆ ಅರ್ಧ ಪಾಯಿಂಟು ನನ್ನ ಸೀಟಾಗಿತ್ತು.

ಹಾಗಂತ ಹಳೇ ಮುಯ್ಯಾಳೇ ಚಿನ್ನ ಅಂತ ಹೇಳೋನಲ್ಲ ನಾನು. ಹೊಲ ಇದ್ದವರಿಗೆ ಮಾತ್ರ ಮುಯ್ಯಾಳು. ಹೊಲ ಇಲ್ಲದವನು ಕೂಲಿಗೇ ಬರಬೇಕಾಗಿತ್ತು, ಅವನ ಹೆಸರು ಯಾವ ಲೆಕ್ಕದಲ್ಲೂ ಇರಲಿಲ್ಲ. ಪಾಯಿಂಟೂ ಹಾಗೇ. ಮೊದಲು ಹಾರಿದ ದೂರಕ್ಕೆ ಮೈಲಿ ಬರ್ತಿತ್ತು. 2015, 2016ರಲ್ಲಿ ಅಮೆರಿಕದ ಮೂರು ದೊಡ್ಡ ಕಂಪನಿಗಳು, ಕೊಟ್ಟ ದುಡ್ಡಿಗೆ ತಕ್ಕ ಹಾಗೆ ಅಂತ ಬದಲಾಯಿಸಿದವು. ದುಬಾರಿ ಟಿಕೆಟ್ ತಗೊಂಡವನಿಗೆ ಹೆಚ್ಚು ಪಾಯಿಂಟು, ಕಾಸಿಗೆ ಕಾಸು ಎಣಿಸಿ ತಗೊಂಡವನಿಗೆ ಕಡಿಮೆ. ಇದ್ದವನಿಗೇ ಇನ್ನೂ ಸೇರೋ ಪದ್ಧತಿ ಊರಲ್ಲೂ ಇದೆ, ಆಕಾಶದಲ್ಲೂ ಇದೆ.

ಆದರೆ ಒಂದು ವ್ಯತ್ಯಾಸ ಉಂಟು. ಮುಯ್ಯಿ ಲೆಕ್ಕ ಎರಡು ಮನೆಯಲ್ಲಿರುತ್ತೆ, ಒಬ್ಬನೇ ಅಳಿಸೋಕೆ ಆಗಲ್ಲ. ಅಪ್ಪ ಸತ್ತರೂ ಮಗನ ಹತ್ತಿರ ಇರುತ್ತೆ. ವಿಮಾನದ ಪುಸ್ತಕ ಒಂದೇ ಕೈಯಲ್ಲಿದೆ. ನಿಯಮ ಅವರದು, ಬದಲಾಯಿಸೋ ಹಕ್ಕೂ ಅವರದು. ಅನೇಕ ಯೋಜನೆಗಳಲ್ಲಿ ಸದಸ್ಯ ತೀರಿಹೋದರೆ ಪಾಯಿಂಟೂ ತೀರಿಹೋಗುತ್ತೆ. ಅದು ಬ್ಯಾಂಕಿನ ದುಡ್ಡಲ್ಲ, ಬಡ್ಡಿ ಬರಲ್ಲ, ವರ್ಷದಿಂದ ವರ್ಷಕ್ಕೆ ಸವೆಯುತ್ತೆ.

ಅದಕ್ಕೇ ನಮ್ಮೂರ ಹುಡುಗರಿಗೆ ನಾಲ್ಕು ಮಾತು. ಬೆಂಗಳೂರಿಗೆ ಕೆಲಸಕ್ಕೆ ಹೋಗಿ ವಿಮಾನ ಹತ್ತೋರು ಈಗ ಮನೆಗೊಬ್ಬರಿದ್ದಾರೆ. ಸದಸ್ಯರಾಗೋಕೆ ಸಾಮಾನ್ಯವಾಗಿ ದುಡ್ಡು ಕೇಳಲ್ಲ, ಆಗಿ. ಟಿಕೆಟ್ಟಿನ ಹೆಸರೂ ಸದಸ್ಯತ್ವದ ಹೆಸರೂ ಒಂದೇ ಥರ ಇರಲಿ. ನಮ್ಮ ಕಡೆ ಅಪ್ಪನ ಹೆಸರಿನ ಒಂದಕ್ಷರ ಮುಂದೆ ಇಟ್ಟುಕೊಳ್ಳೋದರಿಂದ ಇದರಲ್ಲಿ ಗೋಜಲಾಗುತ್ತೆ. ಪಾಯಿಂಟು ಯಾವತ್ತು ಮುಗಿಯುತ್ತೆ ಅಂತ ಕ್ಯಾಲೆಂಡರಿನಲ್ಲಿ ಬರೆದುಕೊಳ್ಳಿ. ಪಾಯಿಂಟಿನ ಆಸೆಗೆ ಕಾರ್ಡು ಉಜ್ಜಿ ಬಾಕಿ ಉಳಿಸಬೇಡಿ, ಅದರ ಬಡ್ಡಿ ಹತ್ತು ಕಾಶಿಯಾತ್ರೆ ನುಂಗುತ್ತೆ. ಮತ್ತೆ, ಒಂದು ಟಿಕೆಟ್ಟಿಗೆ ಆಗೋಷ್ಟು ಸೇರಿದ ಕೂಡಲೇ ಬಳಸಿ. ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗೋದಿದ್ದರೆ ಅವರ ಮಂಡಿ ಗಟ್ಟಿ ಇರುವಾಗ ಹೋಗಿ.

ಹೊಸೂರಿನ ನಿಲ್ದಾಣ ಯಾವಾಗ ಬರುತ್ತೋ ನೋಡೋಣ. ಬೆಂಗಳೂರಿನ ನಿಲ್ದಾಣ 2008ರಲ್ಲಿ ಶುರುವಾದಾಗಿನಿಂದ 25 ವರ್ಷ, 150 ಕಿಲೋಮೀಟರ್ ಒಳಗೆ ಇನ್ನೊಂದು ನಿಲ್ದಾಣಕ್ಕೆ ಅಡ್ಡಿ ಇರೋ ಹಾಗೆ ಒಪ್ಪಂದ ಆಗಿದೆ. ಅದು ಮುಗಿಯೋದು 2033ಕ್ಕೆ. ಅಷ್ಟರಲ್ಲಿ ನನಗೆ ಎಪ್ಪತ್ತು ದಾಟಿರುತ್ತೆ. ಮಗ ಮತ್ತೆ ಪಾಯಿಂಟು ಸೇರಿಸ್ತಿದ್ದಾನೆ. ಈ ಸಲ ರಾಗಿ ಕೊಯ್ಲಿಗೆ ಕಾಯೋದಿಲ್ಲ, ಬಿತ್ತನೆ ಮುಗಿದ ಕೂಡಲೇ ಹೊರಡ್ತೀನಿ ಅಂತ ಹೇಳಿದ್ದೀನಿ. ಪೈರು ಎಳೇದಿರುವಾಗ ಆನೆ ಕಾಟ ಕಡಿಮೆ. ಕಳೆ ತೆಗೆಯೋಕೆ ಪಕ್ಕದ ಹೊಲದವರು ಬರ್ತೀವಿ ಅಂದಿದ್ದಾರೆ. ವಾಪಸು ಬಂದ ಮೇಲೆ ಅವರ ಮುಯ್ಯಾಳು ತೀರಿಸಬೇಕು.